ಆರು ವಿಧಾನಗಳು, ಒಂದು ಟವಲು

ಐಎಸ್‌ಒ ಗುಣಮಟ್ಟದ ಆಡಿಟ್ ಮುಗಿದ ಆ ಗುರುವಾರವೇ ನಮ್ಮ ಪಾಲಿನ ಕೊನೆಯ ಮಾಮೂಲಿ ದಿನ. 2003ರಲ್ಲಿ ನಾನು ನಂಜನಗೂಡಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ದಾಖಲೆ ಸಹಾಯಕನಾಗಿದ್ದೆ. ಅಕ್ಕನ ಗಂಡ ಪುಟ್ಟಮಾದಯ್ಯ ಅಲ್ಲೇ ಮಿಕ್ಸರ್ ತೊಳೆಯುತ್ತಿದ್ದರು. ತಿ. ನರಸೀಪುರದಿಂದ ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದೆವು.

ಮಿಕ್ಸರ್ ಎಂದರೆ ಆಳೆತ್ತರದ ಉಕ್ಕಿನ ತೊಟ್ಟಿ. ಒಳಗೆ ಅಲಗುಗಳು ತಿರುಗುತ್ತವೆ. ಭಾವ ಸ್ವಿಚ್ ಆರಿಸಿ, ಅದರ ಮೇಲೆ ತಮ್ಮ ಟವಲು ಹಾಕಿ ಒಳಗಿಳಿಯುತ್ತಿದ್ದರು. ಟವಲಿದ್ದರೆ ಒಳಗೆ ಮನುಷ್ಯನಿದ್ದಾನೆ ಎಂದರ್ಥ. ಹನ್ನೊಂದು ವರ್ಷ ಹಾಗೇ ನಡೆದಿತ್ತು.

ಬಂದಿದ್ದ ಇಬ್ಬರು ಆಡಿಟರ್‌ಗಳಲ್ಲಿ ಕಿರಿಯಾಕೆ ಇದನ್ನು ಬರೆದಿಟ್ಟಿಲ್ಲವೇಕೆ ಎಂದು ಕೇಳಿದರು. ಭಾವ ನಕ್ಕರು. "ಟವಲ್ ಕಂಡ್ರೆ ಎಲ್ರೂ ದೂರ ನಿಂತ್ಕತಾರೆ ಮೇಡಂ. ಕಾಗ್ದ ಓದಕ್ಕೆ ಯಾರ್ಗ್ ಪುರ್ಸೊತ್ತು?"

ಆಕೆ ಅದನ್ನು ಎನ್‌ಸಿ, ಅಂದರೆ ಸರಿಪಡಿಸಿ ಉತ್ತರ ಕೊಡಲೇಬೇಕಾದ ಕೊರತೆ, ಎಂದು ದಾಖಲಿಸಬೇಕೆಂದರು. ಹಿರಿಯ ಆಡಿಟರ್ ಒಪ್ಪಲಿಲ್ಲ. ಹೊಸ ಮಾನದಂಡ ಕಡ್ಡಾಯ ಮಾಡಿರುವುದು ಆರು ಲಿಖಿತ ವಿಧಾನಗಳನ್ನು ಮಾತ್ರ, ಉಳಿದದ್ದಕ್ಕೆ ನುರಿತ ಕೆಲಸಗಾರ ಸಾಕು ಎಂಬುದು ಅವರ ವಾದ.

"ಹೊಸಬರು ಬಂದ್ರೆ ಹೇಳೋರ್ಯಾರು ಸಾರ್?" ಎಂದರು ಆಕೆ.

ಇಬ್ಬರೂ ನನ್ನತ್ತ ನೋಡಿದರು. ಕಾಗದ ಬರೆದು ಸಾಕಾಗಿದ್ದ ನಾನು, "ಎಲ್ಲರಿಗೂ ಗೊತ್ತಿರೋದೇ ಸಾರ್" ಎಂದೆ. ಅದು ಬರೀ ಸಲಹೆಯಾಗಿ ವರದಿ ಸೇರಿತು. ಸಲಹೆಗೆ ಉತ್ತರ ಕೊಡಬೇಕಿಲ್ಲ. ಎನ್‌ಸಿ ಒಂದೂ ಇಲ್ಲವೆಂದು ಮ್ಯಾನೇಜರ್ ಸಿಹಿ ಹಂಚಿಸಿದರು. ಬಸ್ಸಿನಲ್ಲಿ ಭಾವ, "ನನ್ ಟವಲ್ಗೂ ಒಂದ್ ಸರ್ಟಿಫಿಕೇಟ್ ಕೊಡ್ಸ್‌ಬುಡ್ಲಾ" ಎಂದು ರೇಗಿಸಿದರು.

ಶುಕ್ರವಾರ ಬೆಳಿಗ್ಗೆ ಭಾವ ತೊಟ್ಟಿಯೊಳಗಿದ್ದರು. ಆ ವಾರವಷ್ಟೇ ಸೇರಿದ್ದ ಗುತ್ತಿಗೆ ಕೆಲಸಗಾರನೊಬ್ಬ ಟವಲು ನೋಡಿದ. ಪಕ್ಕದ ಗೋಡೆಯಲ್ಲಿ, 'ಯಂತ್ರ, ಸ್ವಿಚ್‌ಗಳ ಮೇಲೆ ಬಟ್ಟೆ ಇಡಬಾರದು' ಎಂಬ ಸೂಚನೆಯಿತ್ತು. ಆಡಿಟ್‌ಗೆ ಎಲ್ಲ ಚೊಕ್ಕಟವಾಗಿ ಕಾಣಲೆಂದು ಅದನ್ನು ಬರೆದು ಅಂಟಿಸಿದವನು ನಾನೇ. ಅವನು ಟವಲು ಮಡಚಿ ಬೆಂಚಿನ ಮೇಲಿಟ್ಟು ಹೋದ. ಟೀ ಕುಡಿದು ಬಂದ ಆಪರೇಟರ್‌ಗೆ ಟವಲು ಕಾಣಲಿಲ್ಲ. ಸ್ವಿಚ್ ಹಾಕಿದರು.

ಭಾವನ ಸಾವಿನ ವಿಚಾರಣೆಯಲ್ಲಿ ಹೊಸಬ, "ಗೋಡೆ ಮೇಲೆ ಬರ್ದಿತ್ತು ಸಾ, ಅದ್ಕೇ ತಗ್ದೆ" ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಸೂಚನೆ ನನ್ನದೆಂದು ಅಕ್ಕನಿಗೆ ಹೇಳಲು ನನಗೆ ಎರಡು ವರ್ಷ ಬೇಕಾಯಿತು.

ಎಲ್ಲರಿಗೂ ಗೊತ್ತು ಎಂದು ಯಾರಾದರೂ ಅಂದರೆ, ಆ ವಾರ ಸೇರಿದವನನ್ನು ಕರೆದು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ.

ಅಪಘಾತದ ಮುಂದಿನ ವಾರ ನಾನೇ ಕೂತು ವಿಧಾನ ಬರೆದೆ: ಸ್ವಿಚ್‌ಗೆ ಬೀಗ, ಬೀಗದ ಕೈ ಒಳಗಿಳಿಯುವವನ ಜೇಬಿನಲ್ಲಿ. ಎರಡು ಪುಟ. 'ಬದಲಾವಣೆಗೆ ಕಾರಣ' ಎಂಬ ಕಡೆ 'ಸುಧಾರಣೆ' ಎಂದಷ್ಟೇ ಹಾಕಲು ಮೇಲಿನವರು ಹೇಳಿದರು. ಹಾಕಿದೆ. ಭಾವನ ಹೆಸರು ಅದರಲ್ಲಿಲ್ಲ.