ಕಣಗಿಲೆಗೆ ಸಿಗದ ಪ್ರಾಸ

೧೯೭೮ರಲ್ಲಿ ನಾನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಹಾಡು ಬರೆಯುವ ಹುಚ್ಚೂ ಇತ್ತು. ನನ್ನ ಭಾಷಣಕ್ಕೆ ಆಕಳಿಸುತ್ತಿದ್ದ ಕುರಿಗಾಹಿಗಳು, ಅದನ್ನೇ ನಾನು ಹಾಡು ಕಟ್ಟಿ ಹೆಂಗಸರ ಬಾಯಿಗೆ ಹಾಕಿದರೆ ಕಿವಿಗೊಡುತ್ತಿದ್ದರು.

ಆ ಶ್ರಾವಣದಲ್ಲಿ ಹುಳಿಯಾರು ಕಡೆಯ ಹಟ್ಟಿಯೊಂದರಿಂದ ಕರೆ ಬಂತು. ಸೋಬಾನೆ ಹಾಡುವ ಕೆಂಚಮ್ಮನ ಎರಡು ಕುರಿ ನಿಂತಲ್ಲೇ ಬಿದ್ದು ಸತ್ತಿದ್ದವು. ಪೋಸ್ಟ್‌ಮಾರ್ಟಂ ಮಾಡಿದೆ. ರೂಮೆನ್‌ನಲ್ಲಿ, ಅಂದರೆ ಮೇವು ಮೊದಲು ಸೇರುವ ದೊಡ್ಡ ಹೊಟ್ಟೆಯಲ್ಲಿ, ಕಣಗಿಲೆ ಎಲೆಯ ಚೂರುಗಳಿದ್ದವು. ಹೃದಯವನ್ನೇ ನಿಲ್ಲಿಸುವ ವಿಷ ಅದು, ಒಣಗಿದರೂ ಹೋಗುವುದಿಲ್ಲ. ಪೂಜೆ ಮುಗಿದ ಕಣಗಿಲೆಯನ್ನು ಎಲೆ ರೆಂಬೆ ಸಮೇತ ಗುಡಿಯ ಹಿಂದೆ ಎಸೆಯುವುದು ಅಲ್ಲಿನ ರೂಢಿ. ಮಂದೆಗಳು ನೀರಿಗೆ ಹೋಗುವ ದಾರಿಯೂ ಅದೇ.

ಪೂಜಾರಿಗೆ ಹೇಳಿದೆ. "ನಮ್ಮಜ್ಜನ ಕಾಲದಿಂದ್ಲೂ ಅಲ್ಲೇ ಹಾಕ್ತಿರಾದು ಕಣ್ರೀ" ಎಂದು ಟವೆಲ್ ಕೊಡವಿ ಎದ್ದ. ಬರುವ ಸೋಮವಾರ ಶ್ರಾವಣದ ಕಡೇ ಪೂಜೆ, ಬುಟ್ಟಿಗಟ್ಟಲೆ ಹೂವು.

ಹಾಡಿಗೆ ಕೂತೆ. ಸಾಲಿನ ಎರಡನೇ ಅಕ್ಷರ ಹೊಂದಬೇಕೆಂಬುದು ನನ್ನ ಹಟ. ಕುರಿ ಮೇಯಬಹುದಾದ ಬೇವು, ಗೊಬ್ಬಳಿ ಜಾಲಿಗೆ ಹೇಗೋ ಪ್ರಾಸ ಸಿಕ್ಕಿತು. ಕಣಗಿಲೆಗೆ ಬಂದಾಗ ಗುಣ, ಋಣ, ಹಣ ಎಲ್ಲ ತಡಕಾಡಿ ಕೊನೆಗೆ ದಕ್ಕಿದ್ದು ಇದು:

ಕಣಗಿಲೆ ಸೊಪ್ಪು ಮೇದರೆ ಕುರಿ
ಹೆಣವಾಗಿ ಬೀಳ್ತದೆ ನೋಡು ಮರಿ

ಬೀಗುತ್ತಾ ಹೋಗಿ ಕೆಂಚಮ್ಮನಿಗೆ ಓದಿ ಹೇಳಿದೆ. ಆಕೆ ಕಿವಿ ಮುಚ್ಚಿಕೊಂಡಳು.

"ಬುಡ್ತು ಅನ್ನಿ ಡಾಕ್ಟ್ರೇ! ದ್ಯಾವ್ರ ಮುಡಿಗೇರೋ ಹೂವಿನ ಪಕ್ಕ ಹೆಣಾನಾ? ಸತ್ತಿದ್ದು ನಂದೇ ಕುರಿ. ಆದ್ರೂ ಈ ಬಾಯಾಗೆ ಹಾಡಾಕಿಲ್ಲ."

"ಹಾಗಾದ್ರೆ ಮಿಕ್ಕ ಕುರಿಗಳೂ ಸಾಯ್ಲಾ?" ಎಂದು ರೇಗಿದೆ.

"ಹಂಗಂದ್ನಾ? ದ್ಯಾವ್ರ ಪಾಲಿಗೆ ಕುರಿ ಬಾಯಾಕಿದ್ರೆ ನಾನೇ ಹೊಡೆದು ಓಡಿಸ್ತೀನಿ. ಹೂವಿನ ಮ್ಯಾಲೆ ಯಾಕೆ ತಪ್ಪು ಹೊರಿಸ್ತೀರಾ?"

ಸಿಟ್ಟು ನುಂಗಿಕೊಂಡು ಅಲ್ಲೇ ಜಗುಲಿಯ ಮೇಲೆ ಸಾಲು ತಿದ್ದಿದೆ:

ದೇವರ ಪಾಲು ದೇವರಿಗೆ
ಕಣಗಿಲೆ ಬೇಡ ಕುರಿಮರಿಗೆ

ಕೆಂಚಮ್ಮ ಅದಕ್ಕೆ ತಕ್ಷಣ ರಾಗ ಹಾಕಿದಳು. ನನಗೆ ಮಾತ್ರ ಸಮಾಧಾನವಿಲ್ಲ. ಎರಡನೇ ಅಕ್ಷರದ ಪ್ರಾಸ ಹೋದರೆ ಹೋಗಲಿ, ವಿಷ ಎಂಬ ಮಾತೇ ಹಾಡಿನಲ್ಲಿಲ್ಲ! ಇಷ್ಟು ಮೆತ್ತಗೆ ಹೇಳಿದರೆ ಯಾರು ಕೇಳುತ್ತಾರೆ?

ಸೋಮವಾರ ಗುಡಿಯ ಹಿಂದೆ ಹೋಗಿ ನಿಂತೆ. ಕುರಿ ತಿಂದುಬಿಟ್ಟರೆ ನನ್ನ ಬ್ಯಾಗಿನಲ್ಲಿದ್ದ ಯಾವ ಮದ್ದೂ ಕೆಲಸಕ್ಕೆ ಬರುತ್ತಿರಲಿಲ್ಲ. ಹೆಂಗಸರು ಕೆಂಚಮ್ಮನ ಹಿಂದೆ ಅದೇ ಹಾಡು ಹಾಡುತ್ತಾ ಗುಡಿ ಸುತ್ತುತ್ತಿದ್ದರು. ದೂರದಲ್ಲಿ ಮಂದೆಯ ಧೂಳು ಎದ್ದಿತು. ಅದೇ ಹೊತ್ತಿಗೆ ಪೂಜಾರಿ ಬುಟ್ಟಿ ಹೊತ್ತು ಬಂದು, ಎಂದಿನಂತೆ ಸುರಿಯಲು ಬಗ್ಗಿದ. ತಡೆಯಲು ನಾನು ಒಂದು ಹೆಜ್ಜೆ ಮುಂದಿಟ್ಟೆ.

ಕೆಂಚಮ್ಮನ ಹಾಡು ನಿಂತಿತು. "ಏನಪ್ಪಾ ಪೂಜಾರಪ್ಪಾ, ದ್ಯಾವ್ರ ಪಾಲು ಕಣಪ್ಪ ಅದು! ಕುರಿ ಬಾಯಿಗೆ ಹಾಕ್ತೀಯಾ?"

ಪೂಜಾರಿ ನೆಟ್ಟಗೆ ನಿಂತ. ಹಾಡುತ್ತಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಬುಟ್ಟಿಯನ್ನು ಮತ್ತೆ ತಲೆಗೇರಿಸಿಕೊಂಡು, "ಹಾರೆ ತರ್ರೀ ಯಾರಾದ್ರೂ" ಎಂದ. ಗುಂಡಿ ತೋಡಿ ಎಲ್ಲವನ್ನೂ ಹೂತರು. ಮಂದೆ ಆ ಮಣ್ಣನ್ನು ತುಳಿದುಕೊಂಡೇ ನೀರಿಗೆ ಹೋಯಿತು.

ಕುರಿಯ ದವಡೆ ಅಗಲಿಸಿ ಮದ್ದು ಇಳಿಸುವುದನ್ನು ನಮಗೆ ಕಾಲೇಜಿನಲ್ಲೇ ಕಲಿಸಿದ್ದರು. ಮಾತನ್ನು ಹಾಗೆ ಇಳಿಸಲಾಗದೆಂದು ಕಲಿಯಲು ನನಗೆ ಆ ಹಟ್ಟಿಗೆ ಹೋಗಬೇಕಾಯಿತು.