ಬುಟ್ಟಿಯ ಮೇಲೆ ಮೂರು ಗೆರೆ

ನಿನ್ನೆ ಚಪ್ಪಲಿ ಕೊಳ್ಳಲು ಹೋಗಿದ್ದೆ. ಬಿಲ್ಲು ಹಾಕುವ ಹುಡುಗಿ ಫೋನ್ ನಂಬರ್ ಕೇಳಿದಳು, ಕೊಟ್ಟೆ. ಹುಟ್ಟಿದ ದಿನ ಕೇಳಿದಳು. ನನ್ನ ಪಾದಕ್ಕೂ ಜಾತಕಕ್ಕೂ ಏನಮ್ಮ ಸಂಬಂಧ ಎಂದೆ. "ಸಿಸ್ಟಮ್ ಕೇಳ್ತೈತೆ ಅಂಕಲ್" ಎಂದಳು. ಸಿಸ್ಟಮ್ಮಿಗೆ ಎದುರಾಡುವ ಧೈರ್ಯ ನನಗೆಲ್ಲಿ? ಬಾಯಿಬಿಟ್ಟೆ. ಮನೆ ತಲುಪುವವರೆಗೂ ಓಬಳೇಶಪ್ಪನೇ ನೆನಪಾಗುತ್ತಿದ್ದ. ಅವನಾಗಿದ್ದರೆ ನನ್ನ ಹೆಸರಿನ ಮೊದಲ ಅಕ್ಷರವನ್ನೂ ಬಿಟ್ಟುಕೊಡುತ್ತಿರಲಿಲ್ಲ.

ಓಬಳೇಶಪ್ಪ ತೊಂಬತ್ತರ ದಶಕದಲ್ಲಿ ಮೊಳಕಾಲ್ಮೂರು ಕಡೆಯ ಸಿದ್ದಾಪುರದ ಹತ್ತಿರದ ಒಂದು ಕೆರೆಯ ಮೀನುಗಾರರ ಸಂಘಕ್ಕೆ ಗುಮಾಸ್ತನಾಗಿದ್ದ. ಚಳ್ಳಕೆರೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನದವನಾದ ನನಗೂ ಅವನಿಗೂ ಹೇಗೆ ಪರಿಚಯ ಎಂದು ನೀವು ಕೇಳಿಯೇ ಕೇಳುತ್ತೀರಿ. ನಿಮ್ಮ ಹತ್ತಿರ ಏನು ಮುಚ್ಚುಮರೆ? ನನಗೆ ಮೀನು ಹಿಡಿಯುವ ಚಟವಿತ್ತು. ತಿನ್ನುವ ಚಟವಲ್ಲ, ದೇವರಾಣೆ. ಪಂಪ್‌ಸೆಟ್ ರಿಪೇರಿಯ ಮಹಬೂಬ್ ಸಾಬರು ಒಂದು ದಿನ ಒಳಹೊಕ್ಕ ಮೀನು ಹೊರಬರಲಾರದ ತಮ್ಮ ಬಿದಿರಿನ ಬುಟ್ಟಿಯನ್ನು ನೀರಿನಿಂದ ಎತ್ತಲು ನನ್ನ ಕೈಗೆ ಕೊಟ್ಟರು. ಒಳಗೆ ಏನೋ ಪಟಪಟ ಬಡಿಯಿತು. ಅಷ್ಟೇ, ನಾನು ಕೆಟ್ಟೆ. ಮುಂದಿನ ವಾರವೇ ನನ್ನದೇ ಒಂದು ಬುಟ್ಟಿ ಮಾಡಿಸಿದೆ. ಸಿಕ್ಕ ಮೀನೆಲ್ಲ ಸಾಬರ ಮನೆಗೆ, ಸಂತೋಷವೆಲ್ಲ ನನಗೆ.

ಮನೆಯಲ್ಲಿ ಮಾತ್ರ ಪ್ರತಿ ಭಾನುವಾರ ಬ್ರಹ್ಮಗಿರಿಯ ಅಶೋಕನ ಶಾಸನ ನೋಡಲು ಹೋಗುತ್ತೇನೆಂದು ಹೇಳುತ್ತಿದ್ದೆ.

"ಅಲ್ಲ ಕಣೋ, ಒಂದು ಬಂಡೆ ಓದಾಕೆ ಇನ್ನೆಷ್ಟು ಭಾನುವಾರ ಬೇಕು?" ಎನ್ನುತ್ತಿದ್ದಳು ಅವ್ವ.

ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ನಿಜ ನುಡಿಯಬೇಕು ಎಂದು ಆ ಬಂಡೆಯ ಮೇಲೆ ಬರೆಸಿದ್ದಾನಂತೆ ಅಶೋಕ. ಅದರಿಂದ ಕೂಗಳತೆಯ ದೂರದಲ್ಲಿ ಕುಳಿತು ಮೂರನ್ನೂ ಒಟ್ಟಿಗೆ ಮುರಿಯುತ್ತಿದ್ದವನು ನಾನೊಬ್ಬನೇ ಇರಬೇಕು. ಅವ್ವನಿಗೆ ಗೊತ್ತಾದರೆ ಬೈಯುತ್ತಿರಲಿಲ್ಲ, ಊಟ ಬಿಡುತ್ತಿದ್ದಳು. ನನಗೆ ಇದ್ದ ಭಯ ಅದೊಂದೇ.

ಹೀಗಿರುವಾಗ ಮೀನುಗಾರಿಕೆ ಇಲಾಖೆಯಿಂದ ಹೊಸ ನಿಯಮ ಬಂತು. ವಾರಸುದಾರರಿಲ್ಲದ ಬಲೆಗಳು ಕೆರೆಯಲ್ಲಿ ಕೊಳೆಯುತ್ತಿದ್ದವು, ಆದ್ದರಿಂದ ಪ್ರತಿ ಬಲೆಗೂ ಬುಟ್ಟಿಗೂ ತಗಡಿನ ಪಟ್ಟಿ ಕಟ್ಟಿ ಗುರುತು ಬರೆಯಬೇಕು: ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಬೀದಿ. ನಿಯಮವೇನೋ ನ್ಯಾಯವಾದದ್ದೇ. ಆದರೆ ಈರುಳ್ಳಿಯನ್ನೂ ಮುಟ್ಟದೆ ಬಾಳಿದ ನಮ್ಮಪ್ಪನ ಹೆಸರು ಮೀನಿನ ಬುಟ್ಟಿಯ ಮೇಲೆ! ಗಂಡನ ಹೆಸರನ್ನು ಬಾಯಲ್ಲೇ ಹೇಳದ ಹೆಂಗಸರು ದಡದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ದಾರಿಹೋಕರೆಲ್ಲ ಅದನ್ನು ಓದಿಕೊಂಡು ಹೋಗುವುದು ಅವರಿಗೂ ಬೇಕಿರಲಿಲ್ಲ.

ತಗಡು ಕತ್ತರಿಸುತ್ತಿದ್ದ ಸಾಬರೇ ದಾರಿ ತೋರಿಸಿದರು. "ಅರೆ ಓಬಳೇಶ, ಕುರಿ ಮೈಮೇಲೆ ಯಜಮಾನನ ಹೆಸರು ಬರೀತಾರೇನಪ್ಪಾ? ಬಣ್ಣದ್ದು ಒಂದು ಗುರುತು ಹಾಕ್ತಾರೆ. ಯಾರದು ಅಂತ ಗೊತ್ತಾಗಬೇಕಾದೋರಿಗೆ ಗೊತ್ತಾಗ್ತೈತೆ."

ಓಬಳೇಶಪ್ಪ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಆದೇಶವನ್ನು ಎರಡು ಸಲ ಓದಿದ. ಮೇಲಿನವರನ್ನು ಕೇಳಿಕೊಂಡೂ ಬಂದ. "ಆಗ್ತೈತೆ ಸಾಮಿ. ಹೆಸರು ನನ್ನ ಬುಕ್ಕಿನಾಗಿರಲಿ, ಬುಕ್ಕು ಪೆಟ್ಟಿಗೇಲಿರಲಿ, ಬೀಗದ ಕೈ ನನ್ನ ಉಡದಾರದಾಗೆ. ಬುಟ್ಟಿ ಮ್ಯಾಗೆ ಗುರುತು ಸಾಕು."

ದಡದಲ್ಲಿ ಹಬ್ಬವಾಯಿತು. ಒಬ್ಬ ಚಂದ್ರನನ್ನು ಬರೆದ, ಒಬ್ಬಾಕೆ ತನ್ನ ಮೊಳಕಾಲ್ಮೂರು ಸೀರೆಯ ಅಂಚಿನ ಚಿತ್ತಾರವನ್ನೇ ತಗಡಿಗೆ ಇಳಿಸಿಬಿಟ್ಟಳು. ಬ್ರಷ್ಷು ಒಂದೇ, ಜನ ಹತ್ತಾರು. ತಾಳ್ಮೆಯಿಲ್ಲದ ನಾನು ಬಿಳಿ ಬಣ್ಣದಲ್ಲಿ ಮೂರು ಬೆರಳು ಅದ್ದಿ ತಗಡಿನ ಮೇಲೆ ಎಳೆದೆ. ಎಳೆದಾದ ಮೇಲೆ ನೋಡುತ್ತೇನೆ, ವಿಭೂತಿ! ಹುಟ್ಟಿದಾಗಿನಿಂದ ಮೂರು ಬೆರಳಿಗೆ ಗೊತ್ತಿದ್ದ ಕೆಲಸ ಅದೊಂದೇ ತಾನೆ. ಸಾಬರು ನಕ್ಕೂ ನಕ್ಕೂ ಕೆಳಗೆ ಕೂತುಬಿಟ್ಟರು. ಅಳಿಸೋಣವೆಂದರೆ ಓಬಳೇಶಪ್ಪ ಆಗಲೇ ಬುಕ್ಕಿನಲ್ಲಿ ಏರಿಸಿದ್ದ. ಎರಡು ವಾರದಲ್ಲಿ ನನ್ನ ಬುಟ್ಟಿಗೆ ಯಾರೋ ಕಣಗಿಲೆ ಹೂವನ್ನೂ ಸಿಕ್ಕಿಸಿದ್ದರು.

ಶ್ರಾವಣ ಬಂತು. ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ಅವ್ವನನ್ನು ಜೀಪಿನಲ್ಲಿ ಕರೆದುಕೊಂಡು ಹೊರಟೆ. ಕೆರೆ ಕಂಡದ್ದೇ ತಡ, ಕಾಲು ತೊಳೆಯಬೇಕೆಂದು ಇಳಿದವಳು ನೇರ ದಡದಂಚಿನ ನೀರಿನಲ್ಲಿದ್ದ ನನ್ನ ಬುಟ್ಟಿಯ ಮುಂದೆಯೇ ನಿಂತಳು. ಮೂರು ಗೆರೆ ನೋಡಿ ಕೈಮುಗಿದಳು. ಬುಟ್ಟಿ ಅಲುಗಿತು.

"ಅಯ್ಯೋ ಶಿವನೇ, ಇದರಾಗೆ ಮೀನೈತಲ್ಲೋ! ಯಾರದ್ರೀ ಇದು?"

ದಡದಲ್ಲಿದ್ದ ಓಬಳೇಶಪ್ಪ ಎದ್ದು ಬಂದ. ಅವನು ನನ್ನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ.

"ಹೇಳಂಗಿಲ್ಲಮ್ಮ. ಹೆಸರು ಬುಕ್ಕಿನಾಗೈತೆ."

"ನಾನೇನು ಊರಿಗೆಲ್ಲ ಸಾರ್ತೀನಾ? ನಂಗೊಬ್ಬಳಿಗೆ ಹೇಳ್ರಿ."

"ನಮ್ಮವ್ವ ಬಂದು ಕೇಳಿದ್ರೂ ಹೇಳಂಗಿಲ್ಲಮ್ಮ. ರೂಲ್ಸು."

ಅವ್ವ ಬಗ್ಗಿ ಆ ತಗಡನ್ನು ಇನ್ನೊಮ್ಮೆ ನೋಡಿದಳು. ಅವಸರದಲ್ಲಿ ಎಳೆಯುವ ನನ್ನ ವಿಭೂತಿಯ ಮೂರನೆಯ ಗೆರೆ ಬಲಗಡೆ ಜಾರುತ್ತದೆ. ದಿನಾ ಬೆಳಿಗ್ಗೆ ಅದನ್ನು ಬೆರಳಿನಿಂದ ತಿದ್ದುತ್ತಿದ್ದವಳು ಅವಳೇ. ತಗಡಿನ ಮೇಲೂ ಅದು ಹಾಗೆಯೇ ಜಾರಿತ್ತು. ಅವ್ವ ನನ್ನ ಹಣೆ ನೋಡಿದಳು. ತಗಡು ನೋಡಿದಳು. ಆಮೇಲೆ ಓಬಳೇಶಪ್ಪನ ಕಡೆ ತಿರುಗಿದಳು.

"ಆಗ್ಲಿ ಬಿಡ್ರಿ, ಹೆಸರು ಬ್ಯಾಡ. ಆ ಪುಣ್ಯಾತ್ಮ ಸಿಕ್ಕಿದ್ರೆ ಒಂದು ಮಾತು ಹೇಳ್ರಿ. ಮನೆಗೆ ಹೋದೇಟಿಗೆ ಮೈಮೇಲೆ ನೀರು ಹಾಕ್ಕೊಂಡು ಆಮೇಲೆ ಅಡಿಗೆಮನೆಗೆ ಕಾಲಿಡ್ಲಿ."

"ಖಂಡಿತ ಹೇಳ್ತೀನಮ್ಮ" ಎಂದ ಅವನು, ಮುಂದಿನ ಭಾನುವಾರ ನನ್ನನ್ನು ಪಕ್ಕಕ್ಕೆ ಕರೆದು, ಆವತ್ತು ನಾನು ಅಲ್ಲಿರಲೇ ಇಲ್ಲವೆಂಬಂತೆ, ಒಂದಕ್ಷರ ಬಿಡದೆ ಒಪ್ಪಿಸಿದ.

ಆ ಭಾನುವಾರ ಕೆರೆಯಿಂದ ಮನೆಗೆ ಬಂದಾಗ ಬಚ್ಚಲಿನಲ್ಲಿ ಹಂಡೆಯ ನೀರು ಕಾದಿತ್ತು. ಅವ್ವ ಇರುವತನಕ ಯಾವ ಭಾನುವಾರವೂ ಅದು ತಪ್ಪಲಿಲ್ಲ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅಷ್ಟು ಪ್ರೀತಿಯಿಂದ ನನ್ನನ್ನು ಏನೂ ಕೇಳದೆ ಬಿಟ್ಟವರು ಇನ್ನೊಬ್ಬರಿಲ್ಲ.

ಇವತ್ತು ಭಾನುವಾರ. ಗೆಳತಿಯ ಮನೆಯಲ್ಲಿ ಓದಲು ಹೋದ ಮಗಳು ಈಗಷ್ಟೇ ಬಂದಳು. ಜೊತೆಗೆ ಕಬಾಬಿನ ಘಮವೂ ಒಳಗೆ ಬಂತು. ನನ್ನ ಹೆಂಡತಿ ಕೇಳು ಎಂಬಂತೆ ಕಣ್ಣಲ್ಲೇ ತಿವಿದಳು. ನಾನು ಎದ್ದು ಹೋಗಿ ಗೀಸರ್ ಹಾಕಿ ಬಂದೆ.