ಅಣ್ಣ ನುಡಿದ ಸಾಕ್ಷಿ

ನನ್ನ ಅಣ್ಣ ಮಂಡ್ಯದ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ. ವಿವೇಕ ಹೇಳಿದಂತೆ ನಡೆದವನಿಗೆ ಸುಖ ತಾನಾಗಿ ಒದಗುತ್ತದೆ ಎಂಬುದು ಅವನ ನಂಬಿಕೆ. ರಜೆಗೆ ಮಳವಳ್ಳಿಗೆ ಬಂದಾಗ ಅಡುಗೆಮನೆಯ ಬಾಗಿಲಲ್ಲಿ ಕೂತು ಅಮ್ಮನಿಗೂ ತಂಗಿಯಾದ ನನಗೂ ಅದನ್ನೇ ಹೇಳುತ್ತಿದ್ದ. ಅಮ್ಮ ಸೊಪ್ಪು ಬಿಡಿಸುತ್ತ, "ಸರಿಯಪ್ಪ, ಮೊದಲು ಸ್ನಾನ ಮಾಡು" ಎನ್ನುತ್ತಿದ್ದಳು.

ಊರಾಚೆ ನಾಲೆಯ ಕೆಳಗೆ ನಮ್ಮದೊಂದು ಗದ್ದೆ ಇತ್ತು. ಅಪ್ಪ ಹೈಸ್ಕೂಲು ಮೇಷ್ಟರು, ನೇಗಿಲು ಮುಟ್ಟಿದವರಲ್ಲ. ಪಕ್ಕದ ಹಳ್ಳಿಯವನೊಬ್ಬ, ಅವನಿಗೂ ಮೊದಲು ಅವನ ತಂದೆ, ಅದನ್ನು ಗೇಣಿಗೆ ಉಳುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಅವನು ಗಾಡಿಯಲ್ಲಿ ಭತ್ತ ತಂದು ನಮ್ಮ ಪಡಸಾಲೆಯಲ್ಲಿ ಸುರಿದು, ಕೈಕಟ್ಟಿ ನಿಲ್ಲುತ್ತಿದ್ದ.

ಎಪ್ಪತ್ತರ ದಶಕದ ನಡುವೆ, ಉಳುವವನಿಗೇ ಭೂಮಿ ಎಂಬ ಕಾನೂನು ಬಂತು. ಅವನು ಅರ್ಜಿ ಹಾಕಿದ. ಅಪ್ಪ ನಾಲ್ಕಾರು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ, ಅವನು ಗೇಣಿದಾರನಲ್ಲ, ನಮ್ಮ ಕೂಲಿಯಾಳು ಎಂದು ಹೇಳಿಕೆ ಕೊಟ್ಟುಬಿಟ್ಟರು. ಅದು ಸುಳ್ಳೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನು ಮಂಡ್ಯಕ್ಕೆ ಹೋಗಿ ಅಣ್ಣನನ್ನೇ ಸಾಕ್ಷಿ ಹೇಳಲು ಕೇಳಿಕೊಂಡ.

ವಿಚಾರಣೆಯ ದಿನ ತಾಲ್ಲೂಕು ಕಚೇರಿಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಅಣ್ಣ ಎದ್ದು ನಿಂತು, "ಇವರು ಗೇಣಿಗೇ ಉಳ್ತಿದ್ದರು. ಭತ್ತ ಅಳೆಯುವಾಗ ನಾನೂ ಕೊಳಗ ಹಿಡಿದಿದ್ದೇನೆ" ಎಂದ. ಅಪ್ಪ ತಲೆ ಎತ್ತಲಿಲ್ಲ.

ಹೊರಗೆ ಬಂದ ಮೇಲೆ, ಹುಣಸೆಮರದ ಕೆಳಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಪ್ಪ ಹೇಳಿದರು: "ನೀನು ಹೇಳಿದ್ದೇ ನಿಜ ಕಣಪ್ಪ. ಆದರೆ ಅದನ್ನ ನಿನ್ನ ಬಾಯಿಂದ ನಾನು ಕೇಳಬಾರದಾಗಿತ್ತು."

ಗದ್ದೆ ಉಳುತ್ತಿದ್ದವನ ಹೆಸರಿಗೆ ಆಯಿತು. ಆಮೇಲೆ ಅಪ್ಪ ಅಣ್ಣನ ಜೊತೆ ಮಾತಾಡಲಿಲ್ಲ. ಬೈಯಲೂ ಇಲ್ಲ. ಅಣ್ಣ ಭಾನುವಾರ ಬಸ್ಸಿಳಿದು ಬಂದರೆ ಜಗಲಿಯಿಂದೆದ್ದು ಒಳಗೆ ಹೋಗುತ್ತಿದ್ದರು. "ಅವನದು ಊಟ ಆಯ್ತಾ ಕೇಳು" ಎಂದು ಮಾತ್ರ ಅಮ್ಮನಿಗೆ ಹೇಳುತ್ತಿದ್ದರು.

ಮುಂದಿನ ವರ್ಷ ಅಪ್ಪ ಹಾಸಿಗೆ ಹಿಡಿದರು. ಅಣ್ಣ ರಜೆ ಹಾಕಿ ಬಂದು ಪಕ್ಕದಲ್ಲೇ ಕೂತ. ಅವನು ಚಮಚೆಯಲ್ಲಿ ಗಂಜಿ ಹಿಡಿದರೆ ಅಪ್ಪ ಬಾಯಿ ತೆರೆಯುತ್ತಿದ್ದರು, ಕಣ್ಣು ತೆರೆಯುತ್ತಿರಲಿಲ್ಲ. ಹಾಗೆಯೇ ಹೋಗಿಬಿಟ್ಟರು.

ಉಳುತ್ತಿದ್ದವನು ಕರ್ಮಾಂತರದ ಅಡುಗೆಗೆಂದು ಬಾಳೆಎಲೆ, ಕುಂಬಳಕಾಯಿ ಕಳಿಸಿದ್ದ. ಎಲ್ಲ ಮುಗಿದ ಮೇಲೆ ಅವನನ್ನು ಕಂಡು ಬರೋಣವೆಂದು ಅಣ್ಣ ನನ್ನನ್ನೂ ಕರೆದುಕೊಂಡು ಗದ್ದೆಗೆ ಹೋದ. ಬದುವಿನ ಮೇಲೆ ಒಬ್ಬ ಕೂಲಿಯ ಹೆಂಗಸು ಅಳುತ್ತ ನಿಂತಿದ್ದಳು. ಅವನು ಅವಳ ಕುಡುಗೋಲು ಕಿತ್ತುಕೊಂಡು, ಕುಯ್ದ ಹುಲ್ಲನ್ನು ನಾಲೆಗೆ ಎಸೆಯುತ್ತಿದ್ದ.

"ಮನೇಲಿ ಎಮ್ಮೆ ಕರ ಉಪವಾಸ ಅದೆ ಕಣಣ್ಣ" ಎಂದಳು ಅವಳು.

"ನಿನ್ ಕರಕ್ಕೆ ನನ್ ಗದ್ದೆ ಏನಮ್ಮಿ? ನಡಿಯಾಚೆ!"

ನಮ್ಮನ್ನು ನೋಡಿ ಅವನು ಹೆಗಲ ಮೇಲಿದ್ದ ಟವೆಲು ಕೈಗೆ ತೆಗೆದುಕೊಂಡ. ಅಣ್ಣ, "ಒಂದು ಹೊರೆ ಹುಲ್ಲು ತಾನೆ, ಬಿಡಪ್ಪ" ಎಂದ.

"ನೀವು ಪಾಠ ಯೋಳೋರು ಅಯ್ನೋರೆ. ಇವತ್ತು ಬುಟ್ರೆ ನಾಳೆ ಊರೇ ಬಂದು ಕುಯ್ಕೊಂಡು ಓಯ್ತದೆ." ಅವನ ದನಿಯಲ್ಲಿ ಒರಟುತನವಿರಲಿಲ್ಲ. ನಮ್ಮಿಬ್ಬರಿಗೂ ಎಳನೀರು ಕೊಚ್ಚಿ ಕೊಟ್ಟ. ಆ ಹೆಂಗಸು ಅಷ್ಟರಲ್ಲಿ ಹೊರಟುಹೋಗಿದ್ದಳು. ಅಣ್ಣ ಎಳನೀರನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

ವಾಪಸು ಬರುತ್ತ ನಾನು ಕೇಳಿದೆ: "ಸಾಕ್ಷಿ ಹೇಳಿದ್ದು ತಪ್ಪಾಯ್ತು ಅನ್ನಿಸುತ್ತಾ ಅಣ್ಣ?"

"ಇಲ್ಲ. ಗದ್ದೆ ಅವನದೇ. ಅವನು ಒಳ್ಳೆಯವನು ಅಂತ ಕೊಡಿಸಿದ್ದಲ್ಲವಲ್ಲ" ಎಂದ. ಒಂದಿಷ್ಟು ದೂರ ನಡೆದ ಮೇಲೆ, "ನ್ಯಾಯ ಸಿಕ್ಕಿದವನು ಇನ್ನೊಬ್ಬರಿಗೂ ನ್ಯಾಯ ಕೊಡ್ತಾನೆ ಅಂತ ನಂಬಿದ್ದೆ. ಅಧಿಕಾರ ಕೈಗೆ ಬಂದರೆ ಅದು ಮರೆತುಹೋಗುತ್ತೆ. ಅಪ್ಪನಿಗೂ ಹಾಗೇ ಆಗಿತ್ತು. ನನ್ನ ಕೈಗೆ ಬಂದಿದ್ದರೆ ನಾನೇನು ಮಾಡ್ತಿದ್ದೆನೋ" ಎಂದ.

ವಿವೇಕದಂತೆ ನಡೆದವನಿಗೆ ಒದಗುವ ಆ ಸುಖದ ಬಗ್ಗೆ ಕೇಳಬೇಕೆಂದುಕೊಳ್ಳುತ್ತ ನಡೆದೆ. ಊರು ಹತ್ತಿರವಾದಾಗ ಅವನೇ ನಿಂತು, ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ.

"ಒಂದೇ ಒಂದು ಸಲ ಅಪ್ಪ ಬೈದಿದ್ದರೆ ಸಾಕಿತ್ತು ಕಣೇ" ಎಂದ.